ಕರಾವಳಿಯ ಕುದುರೆ, ಕಾಡಿನ ಉಣುಗು: ಶಾಸನ ಓದಿ ರೋಗ ಹೇಳಬಹುದೇ?

ಎಲ್ಲೂರಿನ ವಿಶ್ವೇಶ್ವರ ದೇವಸ್ಥಾನವನ್ನು ನಡುವೆ ಇಟ್ಟುಕೊಂಡು ನಕ್ಷೆಯ ಮೇಲೆ ನಲವತ್ತು ಕಿಲೋಮೀಟರಿನ ಒಂದು ವೃತ್ತ ಎಳೆಯಿರಿ. ತುಳುನಾಡಿನ ಶಾಸನ ಸಂಪತ್ತಿನ ದೊಡ್ಡ ಪಾಲು ಅದರೊಳಗೇ ಬರುತ್ತದೆ. ಪೂರ್ವಕ್ಕೆ ಬೆಳ್ಮಣ್ಣು, ಜೋಡಿ ಮೀನಿನ ಮುದ್ರೆ ಇರುವ ಆಳುವರಸನ ತಾಮ್ರಪಟ ಅಲ್ಲಿಯದು, ಕನ್ನಡದ ಅತಿ ಹಳೆಯ ತಾಮ್ರಪಟಗಳಲ್ಲಿ ಒಂದು. ಪಕ್ಕದ ಕಾಪುವಿನಲ್ಲಿ 16ನೇ ಶತಮಾನದ ತಾಮ್ರಪಟ. ಉತ್ತರಕ್ಕೆ ಉದ್ಯಾವರ, ಅಲ್ಲಿನ ಆಳುಪರ ವೀರಗಲ್ಲುಗಳು. ಇನ್ನೂ ಮುಂದೆ ಹೋದರೆ ವೃತ್ತದ ಅಂಚಿನಲ್ಲಿ ಬಾರಕೂರು.

ಈ ವೃತ್ತದ ಪಶ್ಚಿಮಕ್ಕೆ ಇರೋದು ಕಡಲು. ಆ ಕಡಲಿನ ಮೇಲೆ ಶತಮಾನಗಟ್ಟಲೆ ಕುದುರೆ ತುಂಬಿದ ಹಡಗುಗಳು ಬಂದಿವೆ. ಪೂರ್ವಕ್ಕೆ ಇರೋದು ಘಟ್ಟ, ಘಟ್ಟದ ಕಾಡಿನಲ್ಲಿ ಉಣುಗು. ಕೆಲವು ಕಡೆ ಇದನ್ನೇ ಉಣ್ಣೆ, ಉಣ್ಣಿ ಅಂತಾರೆ. ಅರಬ್ ನಾಡಿನ ಒಣ ಹವೆಯಲ್ಲಿ ಹುಟ್ಟಿದ ಕುದುರೆಯನ್ನು ಮಲೆನಾಡಿನ ಕಾಡುದಾರಿಯಲ್ಲಿ ಹತ್ತಿಸಿಕೊಂಡು ಹೋದಾಗ ಏನಾಯ್ತು? ಭಾರತಕ್ಕೆ ಬಂದ ಕುದುರೆಗಳು ಬೇಗ ಸಾಯುತ್ತಿದ್ದವು ಎಂದು ವಿದೇಶಿ ಪ್ರವಾಸಿಗಳು ಬರೆದಿದ್ದಾರಲ್ಲ, ಅದಕ್ಕೆ ಉಣುಗು ಹರಡುವ ಜ್ವರ ಕಾರಣವೇ? ಉಣುಗಿನಿಂದ ಕುದುರೆಗೆ ಬರುವ ಒಂದು ಬ್ಯಾಕ್ಟೀರಿಯಾ ರೋಗ ಇಂದು ಚೆನ್ನಾಗಿಯೇ ಗೊತ್ತಿರುವುದರಿಂದ ಈ ಪ್ರಶ್ನೆ ಸಹಜ. ಉತ್ತರ ಹೇಳುವ ಮೊದಲು ಕಲ್ಲು ಏನು ಹೇಳುತ್ತದೆ, ಪ್ರವಾಸಿ ಏನು ಹೇಳುತ್ತಾನೆ, ರೋಗಶಾಸ್ತ್ರ ಏನು ಹೇಳುತ್ತದೆ ಎಂದು ಮೂರನ್ನೂ ಬೇರೆ ಬೇರೆ ಇಟ್ಟು ನೋಡೋಣ.

ಕಲ್ಲಿನಲ್ಲಿ ಕುದುರೆ

ಮೊದಲು ಒಂದು ಎಚ್ಚರಿಕೆ. ನಮ್ಮ ಕಡೆ ಊರ ಹೆಸರಿನಲ್ಲಿ 'ಕುದ್ರು' ಕಂಡ ತಕ್ಷಣ ಕುದುರೆ ನೆನಪಾಗುವುದು ಬೇಡ. ತುಳುವಿನಲ್ಲಿ ಕುದ್ರು ಅಂದರೆ ಹೊಳೆಯ ನಡುವಿನ ದ್ವೀಪ. ಅದರಲ್ಲಿ ಲಾಯ ಹುಡುಕಿದರೆ ಸಿಗೋದು ತೆಂಗಿನ ತೋಟ.

ನಿಜವಾದ ಕುದುರೆ ನಮಗೆ ಸಿಗುವುದು ಒಬ್ಬ ಅರಸನ ಹೆಸರಿನಲ್ಲಿ. ಉದ್ಯಾವರದ ವೀರಗಲ್ಲುಗಳಲ್ಲಿ ರಣಸಾಗರ, ಪೃಥ್ವೀಸಾಗರ ಇವರ ಜೊತೆಗೆ ಬರುವ ಇನ್ನೊಬ್ಬ ಆಳುಪ ಶ್ವೇತವಾಹನ. ಬಿಳಿ ಕುದುರೆಯ ವಾಹನ ಉಳ್ಳವನು. ಅರ್ಜುನನ ಹೆಸರುಗಳಲ್ಲಿ ಒಂದು. ಈ ಅರಸನ ಲಾಯದಲ್ಲಿ ಬಿಳಿ ಕುದುರೆ ಇತ್ತು ಎಂಬುದಕ್ಕೆ ಹೆಸರು ಸಾಕ್ಷಿ ಆಗಲಾರದು. ಆದರೆ ಅರಸನೊಬ್ಬ ತನ್ನನ್ನು ಹೇಗೆ ಕಾಣಿಸಿಕೊಳ್ಳಲು ಬಯಸಿದ ಎಂಬುದಕ್ಕೆ ಸಾಕ್ಷಿ ಹೌದು. ಭತ್ತದ ಗದ್ದೆ, ಹೊಳೆ, ಕೆಸರಿನ ಈ ನಾಡಿನಲ್ಲಿ ಕುದುರೆ ಅಂದರೆ ಮೊದಲಿಗೆ ಘನತೆ, ಆಮೇಲೆ ಸವಾರಿ.

ಘಟ್ಟದ ಮೇಲಿನ ಶಾಸನಗಳಿಗೆ ಹೋದರೆ ಕುದುರೆಯ ಸುತ್ತ ಒಂದು ಇಡೀ ವ್ಯವಸ್ಥೆಯೇ ಕಾಣುತ್ತದೆ. ಲಾಯದ ಅಧಿಕಾರಿ 'ಸಾಹಣಿ', ಸವಾರ 'ರಾವುತ' ಅಥವಾ 'ರಾಹುತ'. ಹೊಯ್ಸಳ ಶಾಸನಗಳ ತೆರಿಗೆ ಪಟ್ಟಿಯಲ್ಲಿ 'ಆನೆಯ ಸೇಸೆ', 'ಕುದುರೆಯ ಸೇಸೆ' ಬರುತ್ತವೆ. ಅರಮನೆಯ ಆನೆ ಕುದುರೆಗಳ ಹೆಸರಲ್ಲಿ ಜನ ಕೊಡಬೇಕಾಗಿದ್ದ ತೆರಿಗೆ ಇವು. ಐನೂರ್ವರ ಪ್ರಶಸ್ತಿಗಳಲ್ಲಿ ಅವರು ಮಾರುತ್ತಿದ್ದ ಸರಕುಗಳ ಸಾಲಿನಲ್ಲಿ ಉತ್ತಮ ಜಾತಿಯ ಕುದುರೆಗಳಿವೆ. ಹಡಗಿನಲ್ಲಿ ಕುದುರೆ, ಆನೆ, ಮುತ್ತು ತಂದು ಅರಸರಿಗೆ ಮಾರಿದ ಮಲೆಯಾಳದ ವರ್ತಕರ ಹೊಗಳಿಕೆ ಹೊಯ್ಸಳ ಕಾಲದ ಶಾಸನಗಳಲ್ಲಿದೆ. ಶ್ರವಣಬೆಳಗೊಳದಲ್ಲಿ ಕ್ರಿ.ಶ. 982ರಲ್ಲಿ ಸಲ್ಲೇಖನದಿಂದ ತೀರಿಕೊಂಡ ರಾಷ್ಟ್ರಕೂಟ ಇಂದ್ರನ ಶಾಸನವಂತೂ ಕುದುರೆ ಏರಿ ಚೆಂಡಾಡುವುದರಲ್ಲಿ ಅವನಿಗಿದ್ದ ಕೌಶಲವನ್ನೇ ವಿವರವಾಗಿ ಹೇಳುತ್ತದೆ. ಕರಾವಳಿಗೆ ಮರಳಿದರೆ, ತುಳುನಾಡಿನ ಶಾಸನಗಳಲ್ಲಿ 'ನಖರ'ದ ಜೊತೆಗೆ 'ಹಂಜಮಾನ' ಕಾಣಿಸುತ್ತದೆ. ಪಾರಸಿಯ ಅಂಜುಮನ್ ಪದದಿಂದ ಬಂದ ಈ ಹೆಸರು ಕಡಲಾಚೆಯಿಂದ ಬಂದ ವರ್ತಕರ ಸಂಘದ್ದು. ಕುದುರೆ ಬಂದ ದಾರಿ ಇದೇ ದಾರಿ.

ಬೆಲೆ, ತೆರಿಗೆ, ಅಧಿಕಾರಿ, ಆಟ ಎಲ್ಲ ಇದೆ. ರೋಗ ಮಾತ್ರ ಈ ಪಟ್ಟಿಯಲ್ಲಿ ಸೇರುವುದಿಲ್ಲ. ಯಾಕೆ?

ಪ್ರಾಣಿಯ ಸಾವನ್ನು ಕಲ್ಲಿನ ಮೇಲೆ ಬರೆಯುವ ಅಭ್ಯಾಸವೇ ಇರಲಿಲ್ಲ ಅನ್ನೋ ಹಾಗಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಎಲ್ಲರಿಗೂ ಗೊತ್ತಿರುವಂಥದ್ದು. ಕ್ರಿ.ಶ. 949-50ರ ಆ ಕಲ್ಲಿನಲ್ಲಿ ಕಾಳಿ ಎಂಬ ನಾಯಿ ಹಂದಿಯೊಂದಿಗೆ ಹೋರಾಡಿ ಸತ್ತ ಕಥೆ ಇದೆ, ಆ ಕಲ್ಲಿನ ಪೂಜೆಗೆ ಬಿಟ್ಟ ಭೂಮಿಯ ವಿವರವೂ ಇದೆ. ರೋಗಿಗಳ ಆರೈಕೆಯನ್ನು ಶಾಸನ ಮರೆತಿದೆ ಅನ್ನೋ ಹಾಗೂ ಇಲ್ಲ. ಬಳ್ಳಿಗಾವೆಯ ಕೋಡಿಯ ಮಠದ ಕ್ರಿ.ಶ. 1162ರ ಶಾಸನ ಆ ಮಠವನ್ನು ಹೊಗಳುವಾಗ ದಿಕ್ಕಿಲ್ಲದ ರೋಗಿಗಳಿಗೆ ಅಲ್ಲಿ ಚಿಕಿತ್ಸೆ ಸಿಗುತ್ತಿತ್ತು ಅಂತ ಹೇಳುತ್ತದೆ. ಅಂದರೆ ಹೋರಾಡಿ ಸತ್ತರೆ ನಾಯಿಗೂ ಕಲ್ಲು ಸಿಕ್ಕೀತು, ಆರೈಕೆ ದಾನವಾದರೆ ಶಾಸನಕ್ಕೆ ಬಂದೀತು. ಲಾಯದಲ್ಲಿ ಜ್ವರ ಬಂದು ಮಲಗಿದ ಕುದುರೆಯದು ವೀರವೂ ಅಲ್ಲ, ದಾನವೂ ಅಲ್ಲ. ಅದು ಖರ್ಚು. ಖರ್ಚಿನ ಲೆಕ್ಕ ಬರೆಯುತ್ತಿದ್ದದ್ದು ಓಲೆಯ ಮೇಲೆ, ಕಡತದ ಮೇಲೆ, ಕಲ್ಲಿನ ಮೇಲಲ್ಲ. ಶಾಸನದ ಮೌನವನ್ನು 'ಕುದುರೆಗಳು ಆರೋಗ್ಯವಾಗಿದ್ದವು' ಎಂದು ಓದಬಾರದು.

ಪ್ರವಾಸಿಗಳು ಕಂಡದ್ದು

ಈ ಮೌನದ ಜಾಗ ತುಂಬಲು ನಾವು ಪ್ರವಾಸಿಗಳ ಹತ್ತಿರ ಹೋಗುತ್ತೇವೆ. ನಮ್ಮ ವೃತ್ತಕ್ಕೆ ಅತ್ಯಂತ ಹತ್ತಿರ ಬರುವವನು ಇಬ್ನ್ ಬತೂತ. 1340ರ ದಶಕದಲ್ಲಿ ಈ ತೀರದಲ್ಲಿ ಸಾಗಿದವನು. ಅವನ 'ಫಾಕನೂರ್' ಬಾರಕೂರು ಎಂಬುದು ವಿದ್ವಾಂಸರು ಒಪ್ಪಿರುವ ಗುರುತು. ಗೋವೆಯಿಂದ ಕೊಲ್ಲಂವರೆಗಿನ ಈ ಪಟ್ಟಿಯ ಬಗ್ಗೆ ಅವನ ಮಾತು ಹೀಗಿದೆ: ಇಲ್ಲಿ ಯಾರೂ ಪ್ರಾಣಿಯ ಮೇಲೆ ಪ್ರಯಾಣ ಮಾಡುವುದಿಲ್ಲ, ಕುದುರೆ ಇರುವುದು ಅರಸನ ಹತ್ತಿರ ಮಾತ್ರ, ಉಳಿದವರಿಗೆ ಹೆಗಲ ಮೇಲಿನ ಪಲ್ಲಕ್ಕಿ. ಸರಕು ಹೊರುವುದೂ ಆಳುಗಳೇ. ನಮ್ಮ ಗದ್ದೆಯ ಬದು, ಸಂಕ, ಕಡವು ಕಂಡವರಿಗೆ ಇದು ಆಶ್ಚರ್ಯ ಅಲ್ಲ. ಕುದುರೆ ಇಲ್ಲಿ ಇಳಿಯುತ್ತಿತ್ತು, ನೆಲೆಸುತ್ತಿರಲಿಲ್ಲ.

ಅವನಿಗಿಂತ ಮುಂಚೆ ಬಂದ ಮಾರ್ಕೊ ಪೋಲೊ ಬರೆದಿರುವುದು ಮಾಬಾರ್ ಬಗ್ಗೆ, ಅಂದರೆ ತಮಿಳು ತೀರ. ಅಲ್ಲಿನ ಅರಸರು ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆ ಕೊಳ್ಳುತ್ತಾರೆ, ವರ್ಷದ ಕೊನೆಗೆ ನೂರೂ ಉಳಿಯುವುದಿಲ್ಲ ಅನ್ನುತ್ತಾನೆ. ಅವನು ಕೊಡುವ ಕಾರಣ, ಕುದುರೆ ನೋಡಿಕೊಳ್ಳಬಲ್ಲ ಜನ ಅಲ್ಲಿಲ್ಲ. ಕುದುರೆ ತರುವ ವರ್ತಕರು ಅಂಥವರನ್ನು ಅಲ್ಲಿಗೆ ಹೋಗಲು ಬಿಡುವುದೂ ಇಲ್ಲ. ಕುದುರೆಗೆ ಮಾಂಸ ಬೆರೆಸಿದ ಅನ್ನ ತಿನ್ನಿಸುತ್ತಾರೆ ಅಂತಲೂ ಹೇಳುತ್ತಾನೆ. ಪಾರಸಿ ಇತಿಹಾಸಕಾರ ವಸ್ಸಾಫ್ ಇನ್ನೂ ದೊಡ್ಡ ಸಂಖ್ಯೆ ಕೊಡುತ್ತಾನೆ: ವರ್ಷಕ್ಕೆ ಹತ್ತು ಸಾವಿರ ಕುದುರೆ, ತಲೆಗೆ 220 ದೀನಾರ್. ಕರಾರಿನ ಒಂದು ಷರತ್ತು ಗಮನಿಸಿ: ದಾರಿಯಲ್ಲಿ ಕುದುರೆಗೆ ಪೆಟ್ಟಾದರೂ, ಸತ್ತರೂ ಬೆಲೆ ಅರಸನ ಬೊಕ್ಕಸದಿಂದಲೇ ಹೋಗಬೇಕು.

ಇದೇ ಷರತ್ತಿನ ಕನ್ನಡ ನಾಡಿನ ರೂಪ ನಮಗೆ ಫೆರ್ನಾವೊ ನೂನಿಜ್ ಬರಹದಲ್ಲಿ ಸಿಗುತ್ತದೆ. ಇವನು ಸ್ವತಃ ಕುದುರೆ ವ್ಯಾಪಾರಿ, 1530ರ ದಶಕದಲ್ಲಿ ವಿಜಯನಗರದಲ್ಲಿದ್ದವನು. ಸಾಳುವ ನರಸಿಂಹ ಹೊರ್ಮುಜ್ ಮತ್ತು ಏಡನ್ ಕುದುರೆಗಳನ್ನು ಸತ್ತದ್ದಾಗಲಿ ಬದುಕಿದ್ದಾಗಲಿ, ಸಾವಿರ ಪರ್ದಾವ್‌ಗೆ ಮೂರರಂತೆ ಕೊಳ್ಳುತ್ತಿದ್ದ. ಕಡಲಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ಪೂರ್ತಿ ಹಣ ಕೊಡುತ್ತಿದ್ದ ಅಂತ ನೂನಿಜ್ ಬರೆದಿದ್ದಾನೆ. ಕೃಷ್ಣದೇವರಾಯ ವರ್ಷಕ್ಕೆ 13,000 ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದನೆಂಬುದೂ ಇವನದೇ ಮಾತು.

ಸತ್ತ ಕುದುರೆಯ ಬಾಲಕ್ಕೆ ಬೆಲೆ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಇದು ವಿಮೆ, ಕಂತು ಕಟ್ಟಿದವನು ಅರಸ. ಸಾವಿನ ಪ್ರಮಾಣ ಸಣ್ಣದಾಗಿದ್ದರೆ ವರ್ತಕ ಅದನ್ನು ಬೆಲೆಯಲ್ಲೇ ಸೇರಿಸಿಕೊಂಡು ಸುಮ್ಮನಾಗುತ್ತಿದ್ದ. ಇಂಥ ಷರತ್ತು ಬೇಕಾಯ್ತು ಅಂದರೆ ನಷ್ಟ ದೊಡ್ಡದೇ ಇರಬೇಕು.

ಒಂದು ಸಣ್ಣ ಲೆಕ್ಕ

ಎಷ್ಟು ದೊಡ್ಡದು? ಇಂಜಿನಿಯರ್ ಬುದ್ಧಿ, ಲೆಕ್ಕ ಹಾಕದೆ ಬಿಡೋದಿಲ್ಲ. ಡೊಮಿಂಗೊ ಪಾಯೆಸ್ ಪ್ರಕಾರ ಕೃಷ್ಣದೇವರಾಯನ ಅಶ್ವಸೈನ್ಯ 35,000. ನೂನಿಜ್ ಪ್ರಕಾರ ವರ್ಷದ ಖರೀದಿ 13,000. ಕೊಂಡದ್ದೆಲ್ಲ ಸೈನ್ಯಕ್ಕೇ ಹೋಯಿತು, ಬೇರೆ ಮೂಲ ಇರಲಿಲ್ಲ, ಸೈನ್ಯದ ಗಾತ್ರ ವರ್ಷ ವರ್ಷ ಹಾಗೇ ಉಳಿಯಿತು ಅಂತ ಇಟ್ಟುಕೊಳ್ಳಿ. ಆಗ ವರ್ಷಕ್ಕೆ ಕಳೆದುಹೋಗುತ್ತಿದ್ದದ್ದು ಸುಮಾರು ಶೇ. 37. ಯುದ್ಧ, ಮುಪ್ಪು, ರೋಗ, ಮರುಮಾರಾಟ ಎಲ್ಲ ಇದರಲ್ಲೇ ಬಂತು. ಪೋಲೊ ಹೇಳುವ ಶೇ. 95ರ ನಷ್ಟ ಹಂಪಿಯಲ್ಲಿಯೂ ಇದ್ದಿದ್ದರೆ, ವರ್ಷಕ್ಕೆ 13,000 ಕೊಂಡರೂ ಲಾಯದಲ್ಲಿ ಹದಿನಾಲ್ಕು ಸಾವಿರ ಕುದುರೆ ಕೂಡ ನಿಲ್ಲುತ್ತಿರಲಿಲ್ಲ.

ಇವು ಪ್ರವಾಸಿಗಳ ಸಂಖ್ಯೆಗಳು. ಊರಿನ ಒಳ್ಳೆ ಜಾತಿಯ ಕುದುರೆಗಳನ್ನೂ ರಾಯ ಕೊಳ್ಳುತ್ತಿದ್ದನೆಂದು ನೂನಿಜನೇ ಹೇಳುತ್ತಾನೆ. ಹಾಗಾಗಿ ಶೇ. 37 ಅನ್ನೋದನ್ನು ಯಾರೂ ಉದ್ಧರಿಸಬೇಡಿ. ಲೆಕ್ಕ ತೋರಿಸುವುದು ಒಂದೇ ವಿಷಯ: ಬಯಲು ಸೀಮೆಯ ಒಣ ಹವೆ ಮತ್ತು ತೇವದ ಕರಾವಳಿ ಎರಡಕ್ಕೂ ಒಂದೇ ಸಾವಿನ ಪ್ರಮಾಣ ಹೊಂದುವುದಿಲ್ಲ. ಮಾಬಾರಿನ ಬಗ್ಗೆ ಪೋಲೊ ಹೇಳಿದ್ದನ್ನು ತಂದು ಇಡೀ ದಕ್ಷಿಣ ಭಾರತಕ್ಕೆ ಅಂಟಿಸುವುದು ತಪ್ಪು.

ಉಣುಗು ಜ್ವರ ಅಂದರೆ ಏನು?

ಈಗ ರೋಗಕ್ಕೆ ಬರೋಣ. ಉಣುಗು ರೋಗ ಹರಡುತ್ತದೆ ಎಂಬುದೇ ಹೊಸ ಜ್ಞಾನ. ಅಮೆರಿಕದಲ್ಲಿ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ದನಗಳ ಟೆಕ್ಸಾಸ್ ಜ್ವರವನ್ನು ಉಣುಗು ಹರಡುತ್ತದೆ ಎಂದು ತೋರಿಸಿದ್ದು 1893ರಲ್ಲಿ. ಅದಕ್ಕೂ ಮುಂಚಿನ ಯಾವ ಶಾಸನದಲ್ಲೂ, ಯಾವ ಪ್ರವಾಸಿಯ ಬರಹದಲ್ಲೂ 'ಉಣುಗಿನಿಂದ ಬಂದ ಜ್ವರ' ಅಂತ ಹುಡುಕುವುದು ವ್ಯರ್ಥ.

ಕುದುರೆಯ ರೋಗ ಗುರುತಾದದ್ದು ಇನ್ನೂ ಈಚೆಗೆ, 1960ರ ದಶಕದ ಕ್ಯಾಲಿಫೋರ್ನಿಯಾದಲ್ಲಿ. ಮೊದಲು ಎರ್ಲಿಕಿಯಾ ಈಕ್ವಿ ಅಂತಿದ್ದ ಆ ಬ್ಯಾಕ್ಟೀರಿಯಾವನ್ನು 2001ರಲ್ಲಿ ಅನಾಪ್ಲಾಸ್ಮಾ ಫ್ಯಾಗೊಸೈಟೊಫೈಲಮ್ ಎಂಬ ಹೆಸರಿನಡಿ ಸೇರಿಸಿದರು. ಇದು ಬಿಳಿ ರಕ್ತಕಣಗಳ ಒಳಗೇ ಹೊಕ್ಕು ಅಲ್ಲೇ ಗುಂಪಾಗಿ ಬೆಳೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಣದ ಒಳಗೆ ಸಣ್ಣ ಹಣ್ಣಿನ ಗೊಂಚಲಿನ ಹಾಗೆ ಕಾಣುತ್ತದೆ. ಹರಡುವುದು ಇಕ್ಸೋಡಿಸ್ ಜಾತಿಯ ಉಣುಗುಗಳು. ಕಚ್ಚಿದ ಒಂದೆರಡು ವಾರದಲ್ಲಿ ಜೋರು ಜ್ವರ, ಮಂಕು, ಮೇವು ಬಿಡುವುದು, ಕಾಲುಗಳಲ್ಲಿ ಬಾವು, ವಸಡು ಹಳದಿ, ಹೆಜ್ಜೆ ಇಡಲು ಹಿಂಜರಿಕೆ. ಮರಿಗಳಿಗಿಂತ ವಯಸ್ಸಾದ ಕುದುರೆಗಳಲ್ಲಿ ಹೆಚ್ಚು ಜೋರು. ಟೆಟ್ರಾಸೈಕ್ಲಿನ್ ಗುಂಪಿನ ಔಷಧ ಕೊಟ್ಟರೆ ಒಂದೆರಡು ದಿನದಲ್ಲೇ ಜ್ವರ ಇಳಿಯುತ್ತದೆ. ಮುಖ್ಯ ಮಾತು ಇಲ್ಲಿದೆ: ಔಷಧ ಇಲ್ಲದಿದ್ದರೂ ಬಹುತೇಕ ಕುದುರೆಗಳು ಎರಡು ಮೂರು ವಾರದಲ್ಲಿ ಚೇತರಿಸಿಕೊಳ್ಳುತ್ತವೆ. ಸಾವು ಅಪರೂಪ.

ನಮ್ಮ ಓದುಗರಿಗೆ ಉಣುಗು ಅಂದ ತಕ್ಷಣ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಅದು ವೈರಸ್ ರೋಗ, ಹರಡುವುದು ಮುಖ್ಯವಾಗಿ ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಬೇರೆ ಉಣುಗು. ಆದರೆ ಅದರಿಂದ ನಮಗೆ ಒಂದು ಸಂಗತಿ ಸಿಗುತ್ತದೆ. ಆ ರೋಗ ಹೆಚ್ಚಾಗಿ ಕಾಣುವುದು ಮಳೆಗಾಲ ಮುಗಿದ ಮೇಲೆ, ಒಣ ತಿಂಗಳುಗಳಲ್ಲಿ. ಎಳೆಯ ಉಣುಗುಗಳು ಕಾಡಿನಲ್ಲಿ ತುಂಬಿರುವ ಕಾಲ ಅದು. ಬಂದರುಗಳು ತೆರೆದು ಹಡಗು ಬರುತ್ತಿದ್ದದ್ದೂ ಮಳೆ ನಿಂತ ಮೇಲೆಯೇ. ಕುದುರೆ ಘಟ್ಟ ಹತ್ತಿದ ಕಾಲ ಮತ್ತು ಉಣುಗಿನ ಕಾಲ ಒಂದರ ಮೇಲೊಂದು ಬೀಳುತ್ತವೆ. ಕುದುರೆಗಳಿಗೆ ಉಣುಗು ಹತ್ತಿರಲೇಬೇಕು. ಉಣುಗು ಹತ್ತುವುದು ಬೇರೆ, ಉಣುಗಿನಿಂದ ಸಾಯುವುದು ಬೇರೆ.

ಬೇರೆ ಶಂಕಿತರು

ಸಾಮೂಹಿಕ ಸಾವಿಗೆ ಕಾರಣ ಹುಡುಕುವುದಾದರೆ ಈ ಬ್ಯಾಕ್ಟೀರಿಯಾ ಪಟ್ಟಿಯ ಕೆಳಗೆ ಹೋಗುತ್ತದೆ. ಮೇಲಕ್ಕೆ ಬರುವುದು ಸರ್ರಾ. 1880ರಲ್ಲಿ ಗ್ರಿಫಿತ್ ಇವಾನ್ಸ್, ಆಗಿನ ಭಾರತದ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ, ಸಾಯುತ್ತಿದ್ದ ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಇದರ ಪರೋಪಜೀವಿಯನ್ನು ಕಂಡ. ಇದನ್ನು ಹರಡುವುದು ದನಕರುಗಳಿಗೆ ಕಚ್ಚುವ ದೊಡ್ಡ ನೊಣಗಳು. ಎಮ್ಮೆ ದನಗಳಲ್ಲಿ ಈ ಪರೋಪಜೀವಿ ಹೆಚ್ಚು ಸದ್ದಿಲ್ಲದೆ ಇರಬಲ್ಲದು. ಕುದುರೆಗೆ ಬಂದರೆ, ಚಿಕಿತ್ಸೆ ಇಲ್ಲದಿದ್ದರೆ, ಸಾಮಾನ್ಯವಾಗಿ ಸಾವೇ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ, ಗದ್ದೆಗೊಂದು ಜೋಡಿ ಕೋಣ ಇರುವ ನಾಡಿಗೆ ಕುದುರೆ ತಂದು ಕಟ್ಟಿದರೆ ಏನಾದೀತು, ನೀವೇ ಯೋಚಿಸಿ.

ಉಣುಗು ಹರಡುವ ಇನ್ನೊಂದು ರೋಗ ಪೈರೋಪ್ಲಾಸ್ಮೋಸಿಸ್. ಇದು ಬ್ಯಾಕ್ಟೀರಿಯಾ ಅಲ್ಲ, ಕೆಂಪು ರಕ್ತಕಣದ ಒಳಗಿನ ಏಕಕೋಶ ಜೀವಿ. ಇದರ ಒಂದು ಬಗೆಯನ್ನು ಕುದುರೆ ಒಮ್ಮೆ ಪಡೆದರೆ ಜೀವನಪೂರ್ತಿ ಹೊತ್ತುಕೊಂಡೇ ಇರಬಹುದು, ದಣಿವಾದಾಗ ರೋಗ ಮತ್ತೆ ಕೆರಳಬಹುದು. ವಾರಗಟ್ಟಲೆ ಹಡಗಿನಲ್ಲಿ ನಿಂತು, ಮೇವು ಬದಲಾಗಿ, ಇಳಿದ ಕೂಡಲೇ ಘಟ್ಟ ಹತ್ತಿದ ಪ್ರಾಣಿಗೆ ಇದಕ್ಕಿಂತ ದಣಿವು ಬೇಕೇ? ಇವೆರಡರ ಜೊತೆಗೆ ಕುದುರೆಯ ಹೊಟ್ಟೆಗೆ ಹೊಂದದ ಅನ್ನ, ಸದಾ ಒದ್ದೆಯಲ್ಲಿ ನಿಂತು ಕೊಳೆಯುವ ಗೊರಸು.

ಹಾಗಾದರೆ ಉಣುಗು ಜ್ವರದ ಬ್ಯಾಕ್ಟೀರಿಯಾವನ್ನು ಕಥೆಯಿಂದ ಪೂರ್ತಿ ಬಿಡಬಹುದೇ? ಬೇಡ. ಉಣುಗು ಕಚ್ಚಿದ ಕ್ಷಣವೇ ರೋಗ ದಾಟುವುದಿಲ್ಲ. ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಅಂಟಿಕೊಂಡಿರಬೇಕು. ದಿನಾ ಮೈ ತಿಕ್ಕಿ, ಕಿವಿ, ತೊಡೆಸಂದು, ಬಾಲದ ಬುಡ ನೋಡಿ ಉಣುಗು ಕೀಳುವ ಆಳು ಇದ್ದರೆ ಅಪಾಯ ಬಹಳ ಕಡಿಮೆ. ಈ ಬೆಳಕಿನಲ್ಲಿ ಪೋಲೊನ ಮಾತನ್ನು ಮತ್ತೆ ಓದಿ. ಅವನು ಸಾವಿಗೆ ಕೊಟ್ಟ ಮುಖ್ಯ ಕಾರಣ ರೋಗವಲ್ಲ, ನೋಡಿಕೊಳ್ಳುವವರ ಕೊರತೆ. ಹಂಪಿಯ ಮಹಾನವಮಿ ದಿಬ್ಬದ ಮೇಲೆ, ಹಜಾರರಾಮ ಗುಡಿಯ ಪ್ರಾಕಾರದ ಗೋಡೆಯ ಮೇಲೆ ಕುದುರೆಗಳ ಸಾಲನ್ನು ನೀವು ನೋಡಿರುತ್ತೀರಿ. ಕುದುರೆಯ ಪಕ್ಕದಲ್ಲಿ ಕಡಿವಾಣ ಹಿಡಿದು ನಿಂತವರನ್ನೂ ಗಮನಿಸಿ; ಉಡುಪು, ಮುಖಚಹರೆ ನೋಡಿದರೆ ಹಲವರು ಕಡಲಾಚೆಯವರು. ವಿಜಯನಗರ ಕುದುರೆಯನ್ನು ಮಾತ್ರ ಕೊಳ್ಳಲಿಲ್ಲ, ಅದನ್ನು ಬಲ್ಲವರನ್ನೂ ಕರೆಸಿಕೊಂಡಿತು. ಮೇಲಿನ ಲೆಕ್ಕದಲ್ಲಿ ಮಾಬಾರಿಗೂ ಹಂಪಿಗೂ ಕಂಡ ವ್ಯತ್ಯಾಸದಲ್ಲಿ ಹವೆಯ ಪಾಲು ಎಷ್ಟೋ, ಈ ಕೈಗಳ ಪಾಲೂ ಅಷ್ಟೇ ಇರಬೇಕು ಅನ್ನೋದು ನನ್ನ ಅಭಿಪ್ರಾಯ.

ಆ ಜ್ಞಾನ ಕನ್ನಡಕ್ಕೂ ಬಂತು. ಚಾಳುಕ್ಯರ ಕೀರ್ತಿವರ್ಮ 12ನೇ ಶತಮಾನದಲ್ಲಿ 'ಗೋವೈದ್ಯ' ಬರೆದ. ಮೂರನೆಯ ಸೋಮೇಶ್ವರನ ಸಂಸ್ಕೃತ 'ಮಾನಸೋಲ್ಲಾಸ'ದಲ್ಲಿ ಕುದುರೆಯ ಲಕ್ಷಣ, ಪಳಗಿಸುವಿಕೆ, ಚಿಕಿತ್ಸೆಗೆ ಜಾಗ ಇದೆ. ಸುಮಾರು 1400ರಲ್ಲಿ ಅಭಿನವಚಂದ್ರನ ಅಶ್ವವೈದ್ಯ, ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣ ಪಂಡಿತನ 'ಹಯಸಾರ ಸಮುಚ್ಚಯ'. ಈ ಪರಂಪರೆ ರೋಗವನ್ನು ವಾತ, ಪಿತ್ತ, ಕಫಗಳ ಲೆಕ್ಕದಲ್ಲಿ ನೋಡುತ್ತದೆ. ಅದರಲ್ಲಿ ಬರುವ ಒಂದು ಜ್ವರವನ್ನೋ ಬಾವನ್ನೋ ಹಿಡಿದು 'ಇದೇ ಅನಾಪ್ಲಾಸ್ಮಾ' ಅನ್ನುವುದು ಸುಲಭ, ಆದರೆ ಜ್ವರ ಮತ್ತು ಕಾಲುಬಾವು ಮೇಲೆ ಹೇಳಿದ ಮೂರು ರೋಗಗಳಲ್ಲೂ ಬರಬಹುದು. ಹಳೆಯ ಪದಕ್ಕೆ ಹೊಸ ರೋಗದ ಹೆಸರು ಕಟ್ಟಬೇಕಾದರೆ ಬೇರೆ ಪುರಾವೆ ಬೇಕು. ಯುರೋಪಿನಲ್ಲಿ ಹಳೆ ಸಮಾಧಿಗಳ ಹಲ್ಲಿನ ಒಳಗಿನಿಂದ ಪ್ಲೇಗ್ ಬ್ಯಾಕ್ಟೀರಿಯಾದ ಡಿಎನ್‌ಎ ತೆಗೆದಿದ್ದಾರೆ. ನಮ್ಮ ಕರಾವಳಿಯ ಮುರಕಲ್ಲಿನ ಆಮ್ಲೀಯ ಮಣ್ಣು, ಮಳೆ ಎಲುಬನ್ನು ಕರಗಿಸಿಬಿಡುತ್ತವೆ. ಅಂಥ ಪುರಾವೆ ಸಿಗುವುದಿದ್ದರೆ ಘಟ್ಟದ ಮೇಲಿನ ಒಣ ನೆಲದ ಉತ್ಖನನದಲ್ಲಿ ಸಿಗಬಹುದು. ಉತ್ಖನನ ಮಾಡುವವರು ಕುದುರೆಯ ಹಲ್ಲು ಸಿಕ್ಕರೆ ತೊಳೆಯದೆ ಎತ್ತಿಡಬೇಕು ಅನ್ನುವುದು ಅದಕ್ಕೇ.

ಹಾಗಾದರೆ ಶಾಸನ ಓದುವವರಿಗೆ ಏನು ಕೆಲಸ?

ರೋಗದ ಹೆಸರು ಕಲ್ಲಿನಿಂದ ಬರುವುದಿಲ್ಲ. ರೋಗಕ್ಕೆ ಸಮಾಜ ಕಟ್ಟಿಕೊಂಡ ವ್ಯವಸ್ಥೆ ಕಲ್ಲಿನಿಂದಲೇ ಬರುತ್ತದೆ. ಕುದುರೆಯ ಸೇಸೆ ಎಂಬ ತೆರಿಗೆ, ಸಾಹಣಿ ಎಂಬ ಹುದ್ದೆ, ಹಂಜಮಾನ ಎಂಬ ಸಂಘ, ಹಡಗಿನ ವರ್ತಕನ ಪ್ರಶಸ್ತಿ, ಇವೆಲ್ಲ ವರ್ಷ ವರ್ಷವೂ ಖಾಲಿಯಾಗುತ್ತಿದ್ದ ಲಾಯವನ್ನು ವರ್ಷ ವರ್ಷವೂ ತುಂಬುವ ಏರ್ಪಾಡಿನ ತುಣುಕುಗಳು. ಸೇಸೆ ಕೊಟ್ಟವನು ರೈತ. ಸತ್ತ ಕುದುರೆಯ ಬಾಲಕ್ಕೆ ಹೋದ ಹಣವೂ ಕೊನೆಗೆ ಅಂಥವನ ಗದ್ದೆಯಿಂದಲೇ ಹೋಗಿರಬೇಕು.

ಊರೂರಲ್ಲಿ ಕಲ್ಲು ಹುಡುಕುವ ಗೆಳೆಯರಲ್ಲಿ ಒಂದು ವಿನಂತಿ. ಬಾರಕೂರು, ಬಸ್ರೂರು, ಹೊಸಂಗಡಿ, ಆಗುಂಬೆ, ಕಾರ್ಕಳದ ಹಳೆ ದಾರಿಗಳಲ್ಲಿ ಯಾವ ಕಲ್ಲು ಕಂಡರೂ ಸಾಹಣಿ, ರಾವುತ, ಲಾಯ, ಹಂಜಮಾನ, ಹುರುಳಿ ಈ ಐದು ಪದಗಳಿಗೆ ಕಣ್ಣಿಡಿ. ವೀರಗಲ್ಲಿನಲ್ಲಿ ಕುದುರೆ ಇದ್ದರೆ ಸವಾರನ ಚಿತ್ರ ಮಾತ್ರ ತೆಗೆದು ಬರಬೇಡಿ. ಕುದುರೆಯ ಹಿಂದೆ ಮುಂದೆ ಸಣ್ಣದಾಗಿ ಕೆತ್ತಿದ ಆಳು ಇದ್ದಾನೆಯೇ, ಅವನ ಕೈಯಲ್ಲಿ ಏನಿದೆ ಅಂತ ಪಕ್ಕದ ಬೆಳಕಿನಲ್ಲಿ ಇನ್ನೊಂದು ಚಿತ್ರ ತೆಗೆಯಿರಿ. ದಾರಿಯುದ್ದಕ್ಕೂ ಇಂಥವು ಹತ್ತು ಸಿಕ್ಕರೂ ಕುದುರೆ ಎಲ್ಲಿ ನಿಲ್ಲುತ್ತಿತ್ತು, ಯಾರ ಕೈಯಲ್ಲಿ ಇರುತ್ತಿತ್ತು ಎಂಬ ನಕ್ಷೆ ಒಂದು ಎದ್ದು ಬರುತ್ತದೆ. ಉಣುಗು ಕೀಳುತ್ತಿದ್ದ ಕೈ ಅದೇ.